ಎದೆಯ ಬ್ಯಾಡ್ಜಿನಲ್ಲಿ ಯಾರ ನಂಬರು

ನನ್ನ ಗಂಡನ ಎದೆಯ ಮೇಲೆ ಯಾರ ಫೋನ್ ನಂಬರು ಇರಬೇಕು ಎಂಬ ವಿಷಯಕ್ಕೆ ನಾನೂ ನನ್ನ ಮಗಳೂ ಜಗಳವಾಡಿ ಕೆಲವು ದಿನ ಮಾತು ಬಿಟ್ಟಿದ್ದೆವು. ಓದುವವರಿಗೆ ನಗು ಬರಬಹುದು. ಬರಲಿ. ಮರೆವಿನ ಕಾಯಿಲೆಯವರ ಬಗ್ಗೆ ಬರೆಯುವವರೆಲ್ಲ ಆ ಮನೆಯ ಹೆಂಗಸನ್ನು ತಾಳ್ಮೆಯ ದೇವತೆ ಮಾಡಿ ಕೂರಿಸುತ್ತಾರೆ. ನಾನು ದೇವತೆಯಲ್ಲ. ಈ ಕಾಯಿಲೆಯ ಜೊತೆ ಸಂಸಾರ ಮಾಡಿದ ಇಷ್ಟು ಕಾಲದಲ್ಲಿ ನನಗೆ ದುಃಖಕ್ಕಿಂತ ಹೆಚ್ಚಾಗಿ ಆಗಿದ್ದು ಹೊಟ್ಟೆಕಿಚ್ಚು. ಅದೂ ಇನ್ನೊಬ್ಬ ಹೆಂಗಸಿನ ಮೇಲಲ್ಲ, ಒಬ್ಬ ಬಸ್ ಡ್ರೈವರ್ ಮೇಲೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದು, ಯಾರಿಗೂ ಹೇಳಿಕೊಳ್ಳಲಾಗದ ಇಂಥದೊಂದು ಉರಿ ನಿಮಗೂ ಇದ್ದರೆ, ಅದು ನಿಮ್ಮೊಬ್ಬರಿಗೇ ಬಂದದ್ದಲ್ಲ ಎಂದು ತಿಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಚನ್ನಗಿರಿಯಲ್ಲಿ. ನನ್ನ ತವರು ನ್ಯಾಮತಿ. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನಮ್ಮ ಮನೆಯವರು ಪರಮೇಶಪ್ಪ, ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅವರದು ಹಾಲ್ಟ್ ಬಸ್ಸು. ಸಂಜೆ ಚನ್ನಗಿರಿಯಿಂದ ಹೊರಟು, ದಾವಣಗೆರೆ ದಾಟಿ, ಬಿಳಿಚೋಡಿನಲ್ಲಿ ರಾತ್ರಿ ನಿಲ್ಲಬೇಕು. ಬೆಳಗ್ಗೆ ಅಲ್ಲಿಂದ ಜಗಳೂರಿಗೆ ಹೋಗಿ ಮತ್ತೆ ಈ ಕಡೆ ತಿರುಗಬೇಕು. ಬಸ್ಸಿನ ಡ್ರೈವರ್ ಓಬಣ್ಣ ಬಿಳಿಚೋಡಿನವರೇ. ಹಾಗಾಗಿ ನನ್ನ ಗಂಡ ತಮ್ಮ ದುಡಿಮೆಯ ಕಾಲದ ರಾತ್ರಿಗಳನ್ನೆಲ್ಲ ಕಳೆದದ್ದು ನನ್ನ ಮನೆಯಲ್ಲಲ್ಲ, ಓಬಣ್ಣನ ಮನೆಯ ಜಗುಲಿಯ ಮೇಲೆ, ಕುರಿ ರೊಪ್ಪದ ಪಕ್ಕದಲ್ಲಿ. ಹಗಲು ಚನ್ನಗಿರಿಯಲ್ಲಿ ಬಸ್ಸು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ವಾರದ ರಜೆಗೆ ನನ್ನ ಹತ್ತಿರ ಬರುವಾಗ ಮಾತನ್ನೆಲ್ಲ ಖಾಲಿ ಮಾಡಿಕೊಂಡು ಬರುತ್ತಿದ್ದರು. ಉಂಡು ಮಲಗಿದರೆ ಮುಗಿಯಿತು. ದಣಿದಿದ್ದಾರೆ ಎಂದು ನಾನೂ ಸುಮ್ಮನಿರುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಮಾತಾಡುತ್ತಾರೆ, ಆಗ ಇವರು ಪೂರ್ತಿ ನನ್ನವರು ಎಂದು ಕಾಯುತ್ತಿದ್ದೆ.

ಕೆಲಸ ಬಿಟ್ಟರು. ಮನೆಗೆ ಬಂದರು. ಸ್ವಲ್ಪ ಕಾಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಬೆಳಗ್ಗೆ ಕಾಫಿ ಕೊಡಲು ಹೋದರೆ ಲೋಟ ತಗೊಂಡು, ನನ್ನ ಮುಖ ನೋಡಿ, ‘ಎಲ್ಲಿಗಮ್ಮಾ?’ ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ‘ಯಮಲೋಕಕ್ಕೆ, ಒಂದು ಫುಲ್ ಟಿಕೆಟ್’ ಎಂದೆ. ಅವರು ನಗಲಿಲ್ಲ. ಆ ಬಸ್ಸು ಈ ಕಡೆಯಿಂದ ಹೋಗುವುದಿಲ್ಲ ಎಂದು ಗಂಭೀರವಾಗಿ ಹೇಳಿ ಕಾಫಿ ಕುಡಿದರು.

ಮಗಳು ಶ್ವೇತಾ ಹೊನ್ನಾಳಿಯಲ್ಲಿ ಸ್ಕೂಲ್ ಟೀಚರ್. ಅವಳೇ ರಜೆ ಹಾಕಿ ಬಂದು ನಮ್ಮನ್ನು ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನರರೋಗದ ಡಾಕ್ಟರ ಕೋಣೆಯ ಹೊರಗೆ ಬೆಂಚುಗಳ ಮೇಲೆ ಜನ ತುಂಬಿದ್ದರು. ನಾನು ಚೀಟಿ ಹಿಡಿದು ಕೂತಿದ್ದೆ. ಇವರು ಮಾತ್ರ ಕೂರಲಿಲ್ಲ. ಬೆಂಚುಗಳ ನಡುವಿನ ಸಂದಿಯಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡುತ್ತಾ, ‘ಎಲ್ಲಿಗೆ? ನಿಮ್ದು ಎಲ್ಲಿಗೆ?’ ಎಂದು ಕೇಳತೊಡಗಿದರು. ಒಬ್ಬರು ‘ಸ್ಕ್ಯಾನಿಂಗ್‌ಗೆ’ ಎಂದರು. ಇನ್ನೊಬ್ಬ ಅಜ್ಜಿ ‘ಗೊತ್ತಿಲ್ಲಪ್ಪಾ, ಮಗ ಕರ್ಕೊಂಡು ಬಂದಾನೆ’ ಎಂದಳು. ‘ಆತು, ಒಳಗೆ ಸರ್ಕಳ್ರಿ, ಇನ್ನೊಬ್ರು ಕೂರಾಕೆ ಜಾಗ ಐತೆ’ ಎಂದು ಇವರು ಎಲ್ಲರನ್ನೂ ಒತ್ತಿ ಕೂರಿಸಿ, ನಿಂತಿದ್ದ ಒಬ್ಬ ಬಸುರಿಗೆ ಜಾಗ ಮಾಡಿಸಿಕೊಟ್ಟರು. ಅವಳು ಕೈ ಮುಗಿದಳು. ನಾಚಿಕೆಯಿಂದ ನನ್ನ ತಲೆ ತಗ್ಗಿ ಹೋಗಿತ್ತು. ಒಬ್ಬ ನರ್ಸಮ್ಮ ಬಂದು ನನ್ನ ಭುಜ ಮುಟ್ಟಿ, ‘ಇರ್ಲಿ ಬಿಡಮ್ಮಾ, ನಮ್ ಕೆಲ್ಸ ಅವ್ರೇ ಮಾಡ್ತಿದಾರೆ’ ಎಂದಳು. ಆ ಒಂದು ಮಾತನ್ನು ಹಿಡಿದುಕೊಂಡೇ ಆ ದಿನ ಕಳೆದೆ.

ಡಾಕ್ಟರು ಒಳ್ಳೆಯವರು, ಅವಸರ ಮಾಡಲಿಲ್ಲ. ನನ್ನನ್ನು ತೋರಿಸಿ, ‘ಇವರು ಯಾರು ಹೇಳಿ?’ ಎಂದು ಕೇಳಿದರು.

‘ನ್ಯಾಮತಿ’ ಎಂದರು ಇವರು.

‘ಹೆಸರು?’

‘ಪ್ಯಾಸೆಂಜರ್ ಹೆಸ್ರು ಯಾರು ಕೇಳ್ತಾರೆ ಸಾರ್? ಎಲ್ಲಿ ಹತ್ತಿದ್ರು, ಎಲ್ಲಿ ಇಳೀತಾರೆ ಅಷ್ಟೆ.’

‘ಸರಿ. ಮನೆಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ?’

‘ಓಬಣ್ಣ’ ಎಂದರು. ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಗುಣವಾಗುವುದಿಲ್ಲ ಎಂದರು, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು ಎಂದರು. ಶ್ವೇತಾ ಅತ್ತಳು. ನಾನು ಅಳಲಿಲ್ಲ. ನನ್ನ ಕಿವಿಯಲ್ಲಿ ಓಬಣ್ಣ ಓಬಣ್ಣ ಎಂಬುದೇ ಗುಂಯ್‌ಗುಡುತ್ತಿತ್ತು. ತಾಳಿ ಕಟ್ಟಿದ್ದು ನನಗೆ, ಮಗಳನ್ನು ಹೆತ್ತವಳು ನಾನು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನು, ಮನೆಯಲ್ಲಿರುವವನು ಓಬಣ್ಣ!

ಹೊರಡುವಾಗ ಡಾಕ್ಟರು, ‘ಇವರು ಮನೆಯಿಂದ ಹೊರಗೆ ಹೋಗಿಯೇ ಹೋಗುತ್ತಾರೆ. ಬೀಗ ಹಾಕಿ ಕೂರಿಸಬೇಡಿ, ಮೈಮೇಲೆ ಗುರುತು ಇಡಿ’ ಎಂದರು.

ಗುರುತು ಇಡುವ ಕೆಲಸ ಶ್ವೇತಾ ವಹಿಸಿಕೊಂಡಳು. ಮೊದಲು ಒಂದು ವಾಚು ಬಂತು. ಅದನ್ನು ಕಟ್ಟಿಕೊಂಡವರು ಎಲ್ಲಿದ್ದಾರೆಂದು ಅವಳ ಫೋನಿನಲ್ಲಿ ನಕ್ಷೆಯ ಮೇಲೆ ಕಾಣುತ್ತದೆ. ಕಟ್ಟಿದ ಮಾರನೇ ದಿನವೇ ಇವರು ಮನೆಯಿಂದ ಹೋದರು. ಶ್ವೇತಾ ಹೊನ್ನಾಳಿಯಿಂದಲೇ ನೋಡಿ, ‘ಹೆದರಬೇಡಮ್ಮ, ಅಪ್ಪ ಬಸ್‌ಸ್ಟ್ಯಾಂಡಲ್ಲೇ ಕೂತಿದಾರೆ, ಅಲ್ಲಾಡಿಲ್ಲ’ ಎಂದಳು. ನಾನು ಹೋಗಿ ನೋಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಇವರಿಲ್ಲ. ಬಸ್ಸು ಕೂಗುವ ಏಜೆಂಟ್ ಆ ವಾಚನ್ನು ಜೇಬಿನಿಂದ ತೆಗೆದು ಕೊಟ್ಟ. ‘ಯಾರೋ ಬಸ್ಸಲ್ಲಿ ಬಿಟ್ಟು ಹೋಗ್ಯಾರೆ, ಕೇಳ್ಕೊಂಡು ಬಂದ್ರೆ ಕೊಡು’ ಎಂದು ಇವರೇ ಒಪ್ಪಿಸಿದ್ದರಂತೆ. ಬಸ್ಸಿನಲ್ಲಿ ಸಿಕ್ಕ ವಸ್ತುವನ್ನು ಮನೆಗೆ ತರದ ಕಂಡಕ್ಟರ್ ಎಂದು ನನ್ನ ಗಂಡನಿಗೆ ಒಳ್ಳೆಯ ಹೆಸರಿತ್ತು. ಆ ಒಳ್ಳೆಯ ಹೆಸರೇ ನನಗೆ ಮುಳುವಾಯಿತು. ಇವರು ಅಷ್ಟರಲ್ಲಿ ಹೊನ್ನಾಳಿ ರಸ್ತೆಯಲ್ಲಿ ಬಿಸಿಲಿಗೆ ನಡೆದು, ಒಂದು ಹುಲ್ಲಿನ ಟ್ರ್ಯಾಕ್ಟರ್‌ಗೆ ಕೈ ತೋರಿಸುತ್ತಾ ನಿಂತಿದ್ದರು.

ನ್ಯಾಮತಿಯಿಂದ ನನ್ನ ಅಕ್ಕ ತಾಯತ ತಂದು ಕಟ್ಟಿದಳು, ಅದರೊಳಗೆ ವಿಳಾಸದ ಚೀಟಿ ಮಡಚಿಟ್ಟು. ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತರು. ಕೊರಳಿಗೆ ಹಾಕುವ ಕಾರ್ಡು ತಂದರೆ, ‘ನಾನೇನ್ ಇಸ್ಕೂಲ್ ಹುಡುಗನಾ?’ ಎಂದು ಬೇಲಿಗೆ ಎಸೆದರು.

ಈ ನಡುವೆ ಓಬಣ್ಣ ಬಂದರು. ಕಣ್ಣಿಗೆ ಪೊರೆ ಬಂದ ಮೇಲೆ ಡ್ರೈವಿಂಗ್ ಬಿಟ್ಟು ಊರಲ್ಲಿ ಕುರಿ ನೋಡಿಕೊಂಡಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ‘ಕಂಡಕ್ಟ್ರೇ, ರೈಟಾ?’ ಎಂದು ಕೂಗಿದರು. ಮೂಲೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದ ನನ್ನ ಗಂಡ ಮೈಗೆ ಕರೆಂಟು ಹರಿದಂತೆ ಎದ್ದು ನಿಂತು, ‘ರೈಟ್ ರೈಟ್!’ ಎಂದರು. ಎಷ್ಟೋ ತಿಂಗಳಿಂದ ನಾನು ನೋಡದ ನಗು ಅದು. ಇಬ್ಬರೂ ಜಗುಲಿಯಲ್ಲಿ ಕೂತು ಟಯರು, ಟೈಮು, ಚೆಕಿಂಗು ಎಂದು ಏನೇನೋ ಮಾತಾಡಿದರು. ಓಬಣ್ಣ ಮನೆಯಿಂದ ಸಜ್ಜೆ ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದರು. ನಾನು ಮಾಡಿದ ಮುದ್ದೆಯನ್ನು ಬೆಳಗ್ಗೆ ತಳ್ಳಿ ಎದ್ದು ಹೋದವರು, ಆ ಒಣ ರೊಟ್ಟಿಯನ್ನು ಬೇಡಿ ಬೇಡಿ ತಿಂದರು.

‘ಅತ್ತಿಗೆ, ಇನ್ನೆರಡು ಅದಾವೆ, ಸಂಜೀಕೆ ಕೊಡ್ರಿ’ ಎಂದು ಓಬಣ್ಣ ಬುತ್ತಿಯನ್ನು ನನ್ನ ಕೈಗಿಟ್ಟರು. ‘ಆಗಲಿ’ ಎಂದು ನಗುನಗುತ್ತಾ ಇಸಿದುಕೊಂಡೆ. ಅವರ ಬಸ್ಸು ಹೊರಟ ಮೇಲೆ ಆ ಎರಡನ್ನೂ ಪಕ್ಕದ ಮನೆಯ ಎಮ್ಮೆಗೆ ಹಾಕಿ ಬಂದೆ. ಎಮ್ಮೆಯೂ ಚಪ್ಪರಿಸಿಕೊಂಡು ತಿಂದಿತು. ಅದರ ಮೇಲೂ ಸಿಟ್ಟು ಬಂತು.

ಬ್ಯಾಡ್ಜಿನ ಉಪಾಯ ಮಾತ್ರ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇಸ್ತ್ರಿ ಮಾಡುವಾಗ ಇವರ ಹಳೆಯ ಖಾಕಿ ಅಂಗಿ ಕೈಗೆ ಸಿಕ್ಕಿತು. ಜೇಬಿನ ಮೇಲೆ ಕಂಡಕ್ಟರ್ ಬ್ಯಾಡ್ಜು ಚುಚ್ಚಿ ಚುಚ್ಚಿ ಬಟ್ಟೆ ಸವೆದಿತ್ತು. ಬ್ಯಾಡ್ಜಿಲ್ಲದೆ ಇವರು ಒಂದು ದಿನವೂ ಬಸ್ಸು ಹತ್ತಿದವರಲ್ಲ. ಶ್ವೇತಾಗೆ ಫೋನ್ ಮಾಡಿ, ಅಂಗಡಿಗಳಲ್ಲಿ ದುಡ್ಡು ಹಾಕಲು ಇಟ್ಟಿರುತ್ತಾರಲ್ಲ, ಆ ಥರದ ಸ್ಕ್ಯಾನರ್ ಅನ್ನು ಬ್ಯಾಡ್ಜಿನ ಹಾಗೆ ಮಾಡಿಸಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದಳು. ಅದಕ್ಕೆ ಫೋನು ಹಿಡಿದರೆ ಒಂದು ಪುಟ ತೆರೆಯುತ್ತದೆ, ‘ಇವರಿಗೆ ಮರೆವು ಇದೆ, ದಯವಿಟ್ಟು ಈ ನಂಬರಿಗೆ ಕರೆ ಮಾಡಿ’ ಎಂದು ಬರುತ್ತದೆ. ಬ್ಯಾಡ್ಜುಗಳು ಬಂದ ದಿನವೇ ಇದ್ದ ಮೂರು ಖಾಕಿ ಅಂಗಿಗಳಿಗೂ ಒಂದೊಂದನ್ನು ಸುತ್ತಲೂ ಒತ್ತೊತ್ತಾಗಿ ಹೊಲಿಗೆ ಹಾಕಿ ಕೂರಿಸಿದೆ. ಇವರು ಅಂಗಿ ತೊಟ್ಟು, ಬ್ಯಾಡ್ಜನ್ನು ಅಂಗೈಯಿಂದ ಒರೆಸಿ, ಕನ್ನಡಿಯಲ್ಲಿ ನೋಡಿಕೊಂಡರು. ಕೀಳಲು ಹೋಗಲಿಲ್ಲ. ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ.

ಜಗಳ ಬಂದದ್ದು ಆ ಪುಟದ ವಿಷಯಕ್ಕೆ.

‘ಮೊದಲನೇದು ನಿನ್ ನಂಬರ್, ಎರಡನೇದು ನಂದು. ಮೂರನೇದು ಓಬಣ್ಣ ಮಾಮಂದು ಹಾಕ್ಲಾ?’ ಎಂದಳು ಶ್ವೇತಾ.

‘ಬ್ಯಾಡ.’

‘ಯಾಕಮ್ಮ? ಅಪ್ಪ ಅವ್ರ ಮಾತಾದ್ರೆ ಕೇಳ್ತಾರೆ.’

‘ಹೆಂಡ್ತಿ ನಾನು ಗಟ್ಟಿಮುಟ್ಟಾಗಿ ಇದೀನಿ. ಬಿಳಿಚೋಡಿನ ನಂಬರ್ ಯಾಕೆ ಬೇಕು? ನಾಳೆ ರೇಷನ್ ಕಾರ್ಡಿಗೂ ಅವ್ರ ಹೆಸ್ರು ಸೇರ್ಸು.’

‘ಅಮ್ಮ, ನಿಂಗೆ ಹೊಟ್ಟೆಕಿಚ್ಚು.’

ಹೆತ್ತ ಮಗಳು ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಮಾತಾಡುವುದು ಹೇಗೆ? ಫೋನಿಟ್ಟೆ. ನಿಜ ಹೇಳಿದ್ದಕ್ಕೇ ಕೋಪ ಹೆಚ್ಚು ದಿನ ಉಳಿಯಿತು. ಓಬಣ್ಣನ ನಂಬರಿಗೆ ಜಾಗ ಸಿಗಲಿಲ್ಲ.

ಬ್ಯಾಡ್ಜು ಕೆಲಸ ಮಾಡಿದ ರೀತಿ ನಾವು ಯಾರೂ ಎಣಿಸಿದ್ದಲ್ಲ. ಖಾಕಿ ಅಂಗಿ ತೊಟ್ಟು ಬಸ್ಸಿನ ಬಾಗಿಲಲ್ಲಿ ನಿಂತವರ ಎದೆಯ ಮೇಲೆ ಸ್ಕ್ಯಾನರ್ ಇದ್ದರೆ ಈಗಿನ ಜನ ಏನು ಮಾಡುತ್ತಾರೆ? ಟಿಕೆಟ್ ದುಡ್ಡು ಹಾಕಲು ಫೋನು ಹಿಡಿಯುತ್ತಾರೆ. ನನಗೆ ಫೋನುಗಳು ಶುರುವಾದವು. ‘ಅಕ್ಕಾರೆ, ಸಂತೇಬೆನ್ನೂರಿಗೆ ದುಡ್ಡು ಹಾಕಾಣ ಅಂತ ಸ್ಕ್ಯಾನ್ ಮಾಡ್ದೆ, ಇದೇನೋ ಬೇರೆ ಬರಾಕತ್ತೈತೆ.’ ‘ಅಮ್ಮಾ, ನಿಮ್ ಯಜಮಾನ್ರು ಬಸ್‌ಸ್ಟ್ಯಾಂಡಲ್ಲಿ ಅದಾರೆ, ನಂಗೆ ಸೀಟ್ ಹಿಡ್ಕೊಟ್ರು ಪಾಪ.’ ಮರೆವಿನವರೊಬ್ಬರು ದಾರಿಯಲ್ಲಿದ್ದರೆ ನೋಡಿಯೂ ನೋಡದ ಹಾಗೆ ಹೋಗುವ ಜನ, ದುಡ್ಡು ಕೊಡಬೇಕೆಂದರೆ ಹತ್ತಿರ ಬರುತ್ತಾರೆ ಎಂದು ಯಾರಿಗೆ ಗೊತ್ತಿತ್ತು! ನಾನು ಮೆಷಿನ್ ನಿಲ್ಲಿಸಿ ಹೋಗಿ ಕರೆತರುತ್ತಿದ್ದೆ. ಪ್ರತಿ ಸಲವೂ ಫೋನು ಬರುತ್ತಿದ್ದದ್ದು ನನಗೆ, ನಿಮ್ಮ ಯಜಮಾನರು ಎನ್ನುತ್ತಿದ್ದದ್ದು ನನಗೆ. ಇವರು ನನ್ನನ್ನು ಹೆಂಡತಿ ಎನ್ನದಿದ್ದರೇನು, ಊರೆಲ್ಲ ಫೋನ್ ಮಾಡಿ ಹೇಳುತ್ತಿತ್ತು. ಸಂಕಟದಲ್ಲೂ ಅದೊಂದು ಸುಖವಾಗಿತ್ತು.

ಆ ಸುಖ ಸೂಳೆಕೆರೆಯಲ್ಲಿ ಮುಳುಗಿತು.

ಅವತ್ತು ಉಬ್ರಾಣಿಯ ಶಾಂತಕ್ಕ ಮಗಳ ಮದುವೆಗೆ ತನ್ನ ರವಿಕೆಯ ಅಳತೆ ನೋಡಿಸಲು ಬಂದಿದ್ದಳು. ಅವಳು ತೊಟ್ಟ ರವಿಕೆಯ ಒಂದು ತೋಳಿಗೆ ಗುಂಡುಪಿನ್ನು ಚುಚ್ಚುತ್ತಿದ್ದೆ. ಇವರು ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ. ಫೋನು ಬಂತು. ಚಿಕ್ಕ ಹುಡುಗಿಯ ದನಿ.

‘ಆಂಟಿ, ನಾನು ಸೂಳೆಕೆರೆ ಏರಿ ಮೇಲಿಂದ ಮಾತಾಡ್ತಿದೀನಿ. ಬಸ್ ಇಳ್ದು ಸ್ಕ್ಯಾನ್ ಮಾಡಿದ್ರೆ ನಿಮ್ ನಂಬರ್ ಬಂತು. ಇವ್ರೇ ಸೀಟಿ ಊದಿ ಬಸ್ ಕಳ್ಸಿಬಿಟ್ರು, ಇವ್ರು ಇಲ್ಲೇ ಉಳ್ಕೊಂಡ್ರು.’

‘ಅಲ್ಲೇ ಹಿಡ್ಕೊಂಡಿರಮ್ಮ, ಬಂದೆ’ ಎಂದೆ.

‘ಕೇಳ್ತಿಲ್ಲ ಆಂಟಿ. ಒಂದು ಬಾಟ್ಲಿ ಎತ್ಕೊಂಡು ನೀರಿನ ಕಡೆ ಇಳೀತಿದಾರೆ. ಇಲ್ಲಿ ಕಲ್ಲೆಲ್ಲ ಪಾಚಿ ಕಟ್ಟೈತೆ.’

ಕೆರೆ ತುಂಬಿ ನಿಂತಿದ್ದ ಕಾಲ. ಫೋನನ್ನು ಅವರ ಕಿವಿಗೆ ಹಿಡಿ ಎಂದೆ. ‘ರೀ, ನಾನು ಗಿರಿಜಾ. ಅಲ್ಲೇ ನಿಲ್ರಿ, ನೀರಿಗೆ ಇಳೀಬ್ಯಾಡ್ರಿ’ ಎಂದು ಕೂಗಿದೆ.

‘ಹೆಂಗಸ್ರು ಮುಂದಿನ ಬಾಗ್ಲಲ್ಲಿ ಹತ್ರಿ’ ಎಂದು ಅವರ ದನಿ ಕೇಳಿತು. ಆಮೇಲೆ ಮತ್ತೆ ಹುಡುಗಿ, ‘ಆಂಟಿ, ಇನ್ನೂ ಕೆಳಕ್ಕೆ ಹೋಗ್ತಿದಾರೆ, ಕೈ ಹಿಡಿದ್ರೆ ಕೊಡವ್ತಾರೆ’ ಎಂದು ಅಳುವ ದನಿಯಲ್ಲಿ ಹೇಳಿದಳು.

ಶಾಂತಕ್ಕನ ಕೈಯಿಂದ ಅವಳ ಫೋನು ಕಿತ್ತುಕೊಂಡೆ. ಬೇಡ ಬೇಡವೆಂದು ಹಟ ಹಿಡಿದಿದ್ದ ಆ ನಂಬರು ನನಗೆ ಬಾಯಿಪಾಠವಾಗಿತ್ತು. ಓಬಣ್ಣ ಎತ್ತಿದ ಕೂಡಲೇ ಒಂದೇ ಉಸಿರಿಗೆ ಹೇಳಿದೆ. ಇವರು ಸೂಳೆಕೆರೆಗೆ ಇಳಿಯುತ್ತಿದ್ದಾರೆ, ಕೈಯಲ್ಲಿ ಬಾಟಲಿ ಇದೆ, ನನ್ನ ಮಾತು ಕೇಳುತ್ತಿಲ್ಲ ಎಂದೆ.

‘ರೇಡಿಯೇಟರ್‌ಗೆ ನೀರು ತರಾಕೆ ಹೋಗ್ಯಾರೆ’ ಎಂದರು ಓಬಣ್ಣ. ‘ಅಲ್ಲಿ ಯಾವಾಗ್ಲೂ ಇಂಜಿನ್ ಕಾಯ್ತಿತ್ತು. ಫೋನ್ ಕೊಡ್ರಿ ಅತ್ತಿಗೆ.’

ನನಗೆ ಸಾವು ಕಂಡಲ್ಲಿ ಅವರಿಗೆ ರೇಡಿಯೇಟರ್ ಕಂಡಿತ್ತು. ಹುಡುಗಿಗೂ ಸ್ಪೀಕರ್ ಹಾಕು ಎಂದು ಕೂಗಿ, ಇಲ್ಲಿ ಎರಡೂ ಫೋನುಗಳ ಸ್ಪೀಕರ್ ಹಾಕಿ, ಒಂದರ ಬಾಯಿಗೆ ಇನ್ನೊಂದರ ಕಿವಿ ಒತ್ತಿ ಹಿಡಿದೆ. ನನ್ನ ಎರಡು ಕೈಗಳ ನಡುವೆ ಆ ಗಂಡಸಿನ ದನಿ ಹಾದುಹೋಯಿತು.

‘ಕಂಡಕ್ಟ್ರೇ! ನೀರು ನಾನೇ ಹಾಕ್ದೆ. ಗಾಡಿ ತಣ್ಣಗಾಗ್ಬೇಕು. ಮೇಲಕ್ಕೆ ಬಂದು ಏರಿ ಮೇಲೆ ಕುಂತ್ಕಳ್ರಿ, ಟೀ ತರ್ತೀನಿ.’

ಸ್ವಲ್ಪ ಹೊತ್ತು ಗಾಳಿಯ ಸದ್ದು. ಆಮೇಲೆ ನನ್ನ ಗಂಡನ ದನಿ. ‘ಸಕ್ಕರೆ ಕಮ್ಮಿ ಹಾಕ್ಸು ಓಬಣ್ಣ.’

ಮೇಲೆ ಬಂದು ಕೂತರು ಎಂದು ಹುಡುಗಿ ಹೇಳಿದಳು. ಪಕ್ಕದ ಮನೆಯವರ ಆಟೋ ಹತ್ತಿ ಹೊರಟೆ. ಫೋನು ಅವಳದಾದ್ದರಿಂದ ಶಾಂತಕ್ಕನೂ, ತೋಳಿಗೆ ಗುಂಡುಪಿನ್ನುಗಳ ಸಮೇತ, ಪಕ್ಕದಲ್ಲಿ ಕೂತಳು. ಚನ್ನಗಿರಿಯಿಂದ ಸೂಳೆಕೆರೆ ಮುಟ್ಟುವವರೆಗೆ ಆ ಎರಡು ಫೋನುಗಳನ್ನು ಮುಖಕ್ಕೆ ಮುಖ ಕೊಟ್ಟು ಹಿಡಿದುಕೊಂಡೇ ಇದ್ದೆ. ಒಂದು ಕಡೆ ನನ್ನ ಗಂಡ, ಒಂದು ಕಡೆ ಓಬಣ್ಣ, ನಡುವೆ ನಾನು ಬರೀ ತಂತಿ. ಅವರು ನಗುತ್ತಿದ್ದರು. ಯಾವುದೋ ಚೆಕಿಂಗ್ ಸಾಹೇಬರನ್ನು ಅಣಕಿಸುತ್ತಿದ್ದರು. ನನ್ನ ಗಂಡನಿಗೆ ಅಣಕಿಸಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಫೋನು ಜಾರದಂತೆ ಬಿಗಿಯಾಗಿ ಹಿಡಿಯುತ್ತಿದ್ದೆ, ದೇವರೇ ಇವರು ಮಾತು ನಿಲ್ಲಿಸದಿರಲಿ ಎಂದು ಬೇಡುತ್ತಿದ್ದೆ, ಅದೇ ಹೊತ್ತಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಎರಡೂ ಒಟ್ಟಿಗೇ ಆಗುತ್ತದೆ. ಆಗುವುದಿಲ್ಲ ಎನ್ನುವವರಿಗೆ ಆಗಿಲ್ಲ ಅಷ್ಟೆ.

‘ಅಳಬ್ಯಾಡ ಗಿರಿಜಕ್ಕ, ಏನೂ ಆಗಲ್ಲ’ ಎಂದಳು ಶಾಂತಕ್ಕ. ನಾನು ಅಳುತ್ತಿದ್ದದ್ದು ಯಾಕೆಂದು ಅವಳಿಗೆ ಹೇಳಲಿಲ್ಲ.

ಏರಿಯ ಮೇಲೆ, ಗಾಳಿಗೆ ಬಿಳಿ ಕೂದಲು ಹಾರುತ್ತಾ, ಆ ಹುಡುಗಿಯ ಪಕ್ಕದಲ್ಲಿ ಕೂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಆ ಹುಡುಗಿಗೆ ಕೈ ಮುಗಿದೆ. ಇವರು ಓಡಿಹೋಗದ ಹಾಗೆ ಅವಳು ತನ್ನ ದುಪಟ್ಟಾದ ತುದಿಗಳನ್ನು ತನ್ನ ಕೈಗೂ ಇವರ ಕೈಗೂ ಕಟ್ಟಿದ್ದಳು.

ಮನೆಗೆ ಬಂದು ಇವರಿಗೆ ಒಣ ಬಟ್ಟೆ ಹಾಕಿ, ಶ್ವೇತಾಗೆ ಫೋನ್ ಮಾಡಿದೆ. ‘ಆ ಪುಟದಲ್ಲಿ ಓಬಣ್ಣನ ನಂಬರ್ ಹಾಕು’ ಎಂದೆ.

‘ಮೂರನೇದಾ ಅಮ್ಮ?’

‘ಮೊದಲನೇದು.’

ಬ್ಯಾಡ್ಜು ಬಿಚ್ಚಬೇಕಾಗಿರಲಿಲ್ಲ, ನಾನು ಹಾಕಿದ ಹೊಲಿಗೆ ಹಾಗೇ ಇತ್ತು. ಒಳಗಿನ ನಂಬರು ಮಾತ್ರ ಬದಲಾಯಿತು.

ಅಂದಿನಿಂದ ನನ್ನ ಫೋನು ಸುಮ್ಮನಾಯಿತು. ಜನ ಸ್ಕ್ಯಾನ್ ಮಾಡಿದರೆ ಬಿಳಿಚೋಡಿಗೆ ಫೋನು ಹೋಗುತ್ತಿತ್ತು. ಓಬಣ್ಣ ಇವರ ಜೊತೆ ಮಾತಾಡಿ, ಒಂದು ಕಡೆ ಕೂರಿಸಿ, ಆಮೇಲೆ ನನಗೆ ಮಾಡುತ್ತಿದ್ದರು. ‘ಅತ್ತಿಗೆ, ಕಂಡಕ್ಟ್ರು ನಿಮ್ ಸಂತೆ ಮೈದಾನದ ಹತ್ರ ಅದಾರೆ ನೋಡ್ರಿ. ಎಳನೀರು ಕುಡಿಯಾಕತ್ಯಾರೆ.’ ನನ್ನ ಊರಿನಲ್ಲಿ, ನನ್ನ ಮನೆಯಿಂದ ಎರಡು ಬೀದಿ ಆಚೆ ನನ್ನ ಗಂಡ ಎಳನೀರು ಕುಡಿಯುತ್ತಿದ್ದಾರೆ ಎಂಬ ಸುದ್ದಿ ನನಗೆ ಜಗಳೂರು ತಾಲ್ಲೂಕಿನಿಂದ ಬರಬೇಕು. ‘ಹೌದಾ, ಹೋಗ್ತೀನಿ’ ಎಂದು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ದಾರಿಯುದ್ದಕ್ಕೂ ಓಬಣ್ಣನನ್ನು ಬೈಯುತ್ತಿದ್ದೆ. ಅವರು ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ, ಅದಕ್ಕೂ ಬೈಯುತ್ತಿದ್ದೆ. ಇವರು ಸುರಕ್ಷಿತವಾಗಿದ್ದರು. ನನಗೆ ಬೇಕಾಗಿದ್ದದ್ದೂ ಅದೇ. ಅಷ್ಟೇ ಸಾಲದು ಎಂದು ಮನಸ್ಸು ಹೇಳಿದರೆ ನಾನೇನು ಮಾಡಲಿ?

ಒಂದು ಬೇಸಿಗೆ ಕಳೆಯಿತು. ಇವರು ಹೊರಗೆ ಹೋಗುವುದು ಕಡಿಮೆಯಾಯಿತು, ಕಾಲು ಎಳೆಯತೊಡಗಿತು. ಒಂದು ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನವರು ಸ್ಕ್ಯಾನ್ ಮಾಡಿ ಬಿಳಿಚೋಡಿಗೆ ಹಚ್ಚಿಕೊಟ್ಟಿದ್ದಾರೆ. ಓಬಣ್ಣ ಎಂದಿನಂತೆ, ‘ಕಂಡಕ್ಟ್ರೇ, ರೈಟಾ?’ ಎಂದಿದ್ದಾರೆ. ಇವರು ಫೋನನ್ನು ನೋಡಿ, ‘ಯಾರೋ ರಾಂಗ್ ನಂಬರ್’ ಎಂದು ಹೋಟೆಲಿನವರ ಕೈಗೆ ವಾಪಸು ಕೊಟ್ಟರಂತೆ.

ಮಾರನೇ ದಿನ ಮೊದಲ ಬಸ್ಸಿಗೇ ಓಬಣ್ಣ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ಕೂಗಿದರು. ಇವರು ಏಳಲಿಲ್ಲ. ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು, ‘ಕಂಡಕ್ಟ್ರೇ, ನಾನು’ ಎಂದರು. ಇವರು ಅವರ ಮುಖವನ್ನು ಮರ್ಯಾದೆಯಿಂದ ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿದರು. ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ ಮುರಿದು ಕೊಟ್ಟರೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು.

ಇಷ್ಟು ವರ್ಷ ನಾನು ಈ ಗಳಿಗೆಗಾಗಿಯೇ ಕಾದಿದ್ದೆನೋ ಏನೋ. ಈಗ ನಾನೂ ಓಬಣ್ಣನೂ ಸಮ. ಸಂತೋಷವಾಗಬೇಕಿತ್ತು. ಆದರೆ ನನಗೆ ಭಯವಾಯಿತು. ಇನ್ನು ಇವರು ಕೆರೆಗೆ ಇಳಿದರೆ ಮೇಲಕ್ಕೆ ಕರೆಯುವ ದನಿ ಈ ಲೋಕದಲ್ಲಿ ಯಾರದೂ ಇಲ್ಲ. ನಾನು ಓಡಿಬಂದು ಇವರ ಭುಜ ಹಿಡಿದು, ‘ರೀ, ಓಬಣ್ಣ ಬಂದಾರೆ ಕಣ್ರೀ. ನಿಮ್ ಡ್ರೈವರ್. ಬಿಳಿಚೋಡಿನ ಓಬಣ್ಣ. ನೋಡ್ರಿ, ಸರಿಯಾಗಿ ನೋಡ್ರಿ’ ಎಂದು ಅಲ್ಲಾಡಿಸಿದೆ. ಯಾರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತೋ ಆ ಹೆಸರನ್ನು ಮತ್ತೆ ಮತ್ತೆ ಹೇಳಿದೆ. ‘ಹೂಂ’ ಎಂದರು ಇವರು, ನನ್ನ ಸಮಾಧಾನಕ್ಕೆ.

ಓಬಣ್ಣ ಎದ್ದು ಹೋಗಿ ಹಿತ್ತಲ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದರು. ಬಂದವರೇ ಟವೆಲ್ಲು ಹೆಗಲಿಗೆ ಹಾಕಿ, ‘ಬರ್ತೀನಿ ಅತ್ತಿಗೆ’ ಎಂದರು. ‘ಇನ್ ನಾನು ಬಂದು ಏನ್ ಮಾಡಾದೈತೆ? ಗುರ್ತೇ ಇಲ್ಲ ಅವ್ರಿಗೆ.’

‘ನನ್ನ ಗುರ್ತೂ ಇಲ್ಲ ಅವ್ರಿಗೆ. ನಾನಿಲ್ವಾ ಇಲ್ಲಿ?’ ಎಂದೆ.

ಓಬಣ್ಣ ಹೊಸ್ತಿಲಲ್ಲೇ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಗಂಡನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. ನಾನು ಟೀ ತಂದುಕೊಟ್ಟು ಎದುರಿಗೆ ಕೂತೆ. ಇವರಿಗೆ ಏನಾದರೂ ಹೇಳುತ್ತಿರಬೇಕು, ದನಿ ಕಿವಿಗೆ ಬೀಳುತ್ತಿದ್ದರೆ ಸಮಾಧಾನವಾಗಿರುತ್ತಾರೆ ಎಂದು ಡಾಕ್ಟರು ಹೇಳಿದ್ದರು. ನನ್ನ ಹತ್ತಿರ ಹೇಳಲು ಹೆಚ್ಚೇನಿರಲಿಲ್ಲ. ಇವರ ಮಾತೆಲ್ಲ ಇದ್ದದ್ದು ಬಿಳಿಚೋಡಿನ ಆ ಜಗುಲಿಯಲ್ಲಿ.

‘ಅಲ್ಲಿ ಏನೇನ್ ಮಾತಾಡ್ತಿದ್ರು ಹೇಳ್ರಿ ಓಬಣ್ಣ. ಎಲ್ಲಾ ಹೇಳ್ರಿ’ ಎಂದೆ.

ಅವರು ಶುರುಮಾಡಿದರು. ಒಂದು ಸಲ ಜಗಳೂರಿನ ಹತ್ತಿರ ಮದುವೆ ದಿಬ್ಬಣದ ನಡುವೆ ಬಸ್ಸು ಕೆಟ್ಟು ನಿಂತಿತಂತೆ. ತಳ್ಳಬೇಕಾಗಿತ್ತು. ಇವರು ಬಾಸಿಂಗದ ಸಮೇತ ಮದುಮಗನನ್ನೂ ಇಳಿಸಿ, ಸಂಸಾರ ತಳ್ಳೋದು ಇಲ್ಲಿಂದಲೇ ಕಲಿಯಪ್ಪ ಎಂದು ಹಾಡು ಕಟ್ಟಿ ಹಾಡುತ್ತಾ ತಳ್ಳಿಸಿದರಂತೆ. ಮದುಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕಳಂತೆ. ನನ್ನ ಮನೆಯಲ್ಲಿ ಒಂದು ದಿನವೂ ಹಾಡದ ಮನುಷ್ಯ. ಕೇಳುತ್ತಾ ಕೇಳುತ್ತಾ ನನಗೆ ಮತ್ತೆ ಹೊಟ್ಟೆ ಉರಿಯಿತು.

‘ಆಮೇಲೆ?’ ಎಂದೆ.